ಒಬ್ಬಳೇ ಕುಣಿಯಲಾಗದ ಕುಣಿತ

ಏಪ್ರಿಲ್ 12, ಶನಿವಾರ

ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ. ವಿಮಾನ. ಗೋವಾದ ದಾಬೋಳಿ ನಿಲ್ದಾಣಕ್ಕೆ ಇಳಿಯುವ ವಿಮಾನ ನಮ್ಮ ಮನೆಯ ತಗಡಿನ ಮೇಲೆಯೇ ಹಾದು ಹೋಗುತ್ತದೆ. ಮೊದಲು ತಗಡು ಗುಂಯ್ ಅನ್ನುತ್ತದೆ, ಆಮೇಲೆ ಸಕ್ಕರೆ ಡಬ್ಬಿಯ ಮುಚ್ಚಳ, ಆಮೇಲೆ ಗೀತು. ಈ ಕ್ರಮ ಒಂದು ದಿನವೂ ತಪ್ಪಿಲ್ಲ. ಹದಿನೈದು ತಿಂಗಳ ಮಗುವಿಗೆ ಇಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತೋ. ಎದೆಗೆ ಹಾಕಿಕೊಂಡೆ, ಸುಮ್ಮನಾದಳು. ಅವಳು ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ, ಎಂದಿನಂತೆ. ಅದಕ್ಕೇ ಈ ಹಳೆಯ ಕಾಲೇಜು ನೋಟ್‌ಬುಕ್ ತೆಗೆದದ್ದು. ಹಿಂದಿನ ಅರ್ಧದಲ್ಲಿ ಫ್ರೆಂಚ್ ಕ್ರಿಯಾಪದಗಳಿವೆ, ಮುಂದಿನ ಅರ್ಧ ಖಾಲಿ.

ನಿನ್ನೆ ಅರ್ಜಿ ತುಂಬಿ ಕಳಿಸಿದೆ. ಯಾರಿಗೂ ಹೇಳಿಲ್ಲ. ಆರು ವಾರ, ಫ್ರಾನ್ಸಿನ ನಾಂತ್ ಎಂಬ ಊರು. ಫ್ರೆಂಚರ ಸಂಸ್ಕೃತಿ, ಸಾಹಿತ್ಯ, ನೃತ್ಯ: ಬೆಳಿಗ್ಗೆ ಓದುವುದು, ಮಧ್ಯಾಹ್ನ ಕುಣಿಯುವುದು. ಗೋವಾದಿಂದ ಹನ್ನೆರಡು ಜನ. ಹೋಗಿ ಬರುವ ಖರ್ಚೆಲ್ಲ ಅವರದೇ. ಪಣಜಿಯ ರವಿವಾರದ ತರಗತಿಯಲ್ಲಿ ಎಸ್ಪೆರಾನ್ಸಾ ಟೀಚರ್ ಅರ್ಜಿಯನ್ನು ನನ್ನ ಕೈಗೇ ಕೊಟ್ಟು, "ನೀನು ತುಂಬದಿದ್ದರೆ ನಾನೇ ನಿನ್ನ ಹೆಸರಲ್ಲಿ ತುಂಬುತ್ತೇನೆ" ಎಂದಿದ್ದರು.

ಗೋವಾಕ್ಕೆ ಬಂದ ಮೇಲೆ ಹನ್ನೊಂದನೆಯ ತರಗತಿಯಲ್ಲಿ ನಾನು ಫ್ರೆಂಚ್ ತೆಗೆದುಕೊಂಡದ್ದು ಇನ್ನೊಂದು ಭಾಷೆಯ ತರಗತಿ ತುಂಬಿ ಹೋಗಿತ್ತು ಅಂತ. ಅಷ್ಟೇ. ಆಮೇಲೆ ಅದು ಬಿಡಲಿಲ್ಲ.

ಏಪ್ರಿಲ್ 13, ರವಿವಾರ

ಗೀತು ನಾಲ್ಕಕ್ಕೆ, ಮತ್ತೆ ಐದೂವರೆಗೆ ಎದ್ದಳು.

ನನ್ನ ಗಂಡ ಅನಿಲ ವಾರಕ್ಕೊಮ್ಮೆ ಮನೆಗೆ ಬರುವುದು. ಫೋಂಡಾದಲ್ಲಿ ಕಟ್ಟಡದ ಕೆಲಸ, ಅಲ್ಲೇ ಶೆಡ್ಡಿನಲ್ಲಿ ವಸ್ತಿ. ಊಟಕ್ಕೆ ಬಡಿಸುತ್ತ ಎಲ್ಲ ಹೇಳಿಬಿಟ್ಟೆ. ಅವರು ತುತ್ತು ಕೈಯಲ್ಲೇ ಹಿಡಿದು ಕೂತರು.

"ಪ್ಯಾರಿಸ್ಸೇನು?"

"ನಾಂತ್‌ರಿ. ಬ್ಯಾರೆ ಊರು."

"ಮತ್ತ ಗೀತು?"

"ಯಾಡಿ ಇರ್ತಾಳಲ್ಲ್ರಿ. ಜುಲೈದಾಗ ಬೀಚ್ ಬಂದ್ ಇರ್ತೈತಿ."

ಯಾಡಿ ಅಂದರೆ ನಮ್ಮ ಲಂಬಾಣಿಯಲ್ಲಿ ಅವ್ವ. ಬೀಚಿನಲ್ಲಿ ಕನ್ನಡಿ ಚೀಲ ಮಾರುವ ಅತ್ತೆಯನ್ನೂ ನಾನು ಹಾಗೇ ಕರೆಯುವುದು. ಮನೆಯ ಮಾತೆಲ್ಲ ಲಂಬಾಣಿಯೇ, ಬರೆಯುವಾಗ ಮಾತ್ರ ನನಗೆ ಕನ್ನಡ ಬರುತ್ತದೆ. ಅದು ವಿಜಯಪುರದ ಶಾಲೆಯ ಋಣ.

ಅನಿಲ ಬೇಡ ಅನ್ನಲಿಲ್ಲ. ಅದು ಅವರ ಒಳ್ಳೆಯ ಗುಣವೋ ಕೆಟ್ಟ ಗುಣವೋ, ಬೇಡ ಅನ್ನುವುದೇ ಇಲ್ಲ. ಕೈ ತೊಳೆದು ಬಂದು ಒಂದು ಷರತ್ತು ಹಾಕಿದರು.

"ನೀ ಬಾಜೂಕ ಇಲ್ಲಂದ್ರ ಆಕಿ ತಾಸೊತ್ತು ಮಲಗೂದಿಲ್ಲ. ಒಂದ ರಾತ್ರಿ, ಒಂದ, ನೀ ಇಲ್ದ ಅಳಲಾರ್ದ ಮಲಗ್ಲಿ. ನಿನ್ನ ಪೆಟಿಗಿ ನಾನ ಹೊತ್ಕೊಂಡು ಬಂದು ವಿಮಾನ ಹತ್ತಸ್ತೇನಿ."

"ಮಾತು ಕೊಟ್ಟಂಗ?"

"ಕೊಟ್ಟಂಗ."

ಅವರಿಗೆ ಗೊತ್ತು, ಆ ರಾತ್ರಿ ಬರುವುದಿಲ್ಲ ಅಂತ. ನನಗೂ ಗೊತ್ತು. ಆದರೂ ಪಾತ್ರೆ ತಿಕ್ಕುವಾಗ ಫ್ರೆಂಚಿನಲ್ಲಿ ಎಣಿಸುತ್ತಿದ್ದೆ.

ಏಪ್ರಿಲ್ 20, ರವಿವಾರ

ಸಂದರ್ಶನಕ್ಕೆ ಕರೆ ಬಂದಿದೆ. ಮೇ ಮೂರಕ್ಕೆ. ನಿಮ್ಮ ಮನೆತನದ ಒಂದು ಕುಣಿತ ಮಾಡಿ ತೋರಿಸಿ, ಅದರ ಬಗ್ಗೆ ಫ್ರೆಂಚಿನಲ್ಲಿ ಐದು ನಿಮಿಷ ಮಾತಾಡಿ ಎಂದಿದ್ದಾರೆ.

ಮಾತಿಗೆ ನನಗೇನೂ ಹೆದರಿಕೆಯಿಲ್ಲ. ಕುಣಿತ ಮಾತ್ರ ಬರುವುದಿಲ್ಲ. ಅವ್ವ ನನ್ನನ್ನು ಅದರಿಂದ ದೂರವೇ ಇಟ್ಟಿದ್ದಳು: ಕುಣಿಯುವವರು ಕುಣಿಯಲಿ, ನೀನು ಪುಸ್ತಕ ಹಿಡಿ ಅಂತ. ಮೊಬೈಲಿನಲ್ಲಿ ಲಂಬಾಣಿ ನೃತ್ಯ ಅಂತ ಹುಡುಕಿದೆ. ಯಾವುದೋ ಸರ್ಕಾರಿ ಸಮಾರಂಭದ್ದು ಸಿಕ್ಕಿತು, ವೇದಿಕೆ, ಬಣ್ಣದ ದೀಪ, ಎಲ್ಲರ ನಗುವೂ ಒಂದೇ ಅಳತೆ. ಒಲೆಯ ಮುಂದೆ ನಿಂತು ಅದನ್ನೇ ಮಾಡುತ್ತಿದ್ದೆ.

ಯಾಡಿ ಕೊಲ್ವಾ ಬೀಚಿನಿಂದ ಬಂದಳು. ತಲೆಯ ಮೇಲಿನ ಗಂಟು ಇಳಿಸಲೇ ಇಲ್ಲ, ಬಾಗಿಲಲ್ಲೇ ನಿಂತು ನೋಡಿದಳು.

"ಏನಾಗೇತ ರೂಪಿ? ಮೈಯಾಗ ಇರುವಿ ಹೊಕ್ಕಾವೇನ?"

"ಕುಣಿತ, ಯಾಡಿ. ನಮ್ದ ಕುಣಿತ."

"ನಮ್ದ?" ಗಂಟು ಧಪ್ ಅಂತ ನೆಲಕ್ಕೆ ಬಿತ್ತು. "ಒಬ್ಬಾಕಿ ಹೆಂಗ ಕುಣೀತಿ? ನೀ ಬಾಗಿದ್ರ ಏಳಸಾಕ ಬಾಜೂಕ ಯಾರದಾರ? ಹಾಡು ಅರ್ಧಕ್ಕ ಬಿಟ್ರ ಹಿಡಿಯಾವ್ರು ಯಾರು? ಇದು ಒಬ್ಬಾಕಿ ಮಾಡು ಕೆಲಸಲ್ಲವ್ವಾ."

ಅವಳು ಗೀತುವನ್ನು ಎತ್ತಿಕೊಂಡು ಹೊರಗೆ ಹೋದಳು. ಗೀತು ನನ್ನ ಕಡೆ ತಿರುಗಿ ನೋಡಿದಳು, ಅತ್ತಳು ಅಂದುಕೊಂಡೆ. ಇಲ್ಲ, ಕಾಗೆ ನೋಡುತ್ತಿದ್ದಳು.

ಏಪ್ರಿಲ್ 27, ರವಿವಾರ

ಇವತ್ತಿನ ತರಗತಿಯಲ್ಲಿ ಟೀಚರ್ ನಾಂತ್ ಕಡೆಯ ಹಳ್ಳಿಗಳ ಕುಣಿತ ತೋರಿಸಿದರು. ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ಸಾಲಾಗಿ ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿಕೊಂಡು ಎಡಕ್ಕೆ ಸರಿಯುತ್ತಾರೆ. ಒಬ್ಬರು ಒಂದು ಸಾಲು ಹಾಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ನೋಡಲು ಯಾರೂ ಇಲ್ಲ. ಇದ್ದವರೆಲ್ಲ ಕುಣಿಯುವವರೇ.

ವಿಡಿಯೊ ತುಂಬಿಕೊಂಡು ಬಂದು ಯಾಡಿಗೆ ತೋರಿಸಿದೆ. ಕನ್ನಡಿ ಹಚ್ಚುತ್ತಿದ್ದವಳು ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟಳು. ಮೂರು ಸಲ ನೋಡಿದಳು.

"ಇವ್ರ ತಾಂಡೇ ಎಲ್ಲೈತಿ?"

"ಫ್ರಾನ್ಸಿನ್ಯಾಗ."

"ಛಲೋ ಮಂದಿ," ಅಂದಳು. "ಹಾಡೂ ಐತಿ, ಸುತ್ತೂ ಐತಿ. ಚಪ್ಪಾಳಿ ಒಂದ ಇಲ್ಲ. ಕೈ ಖಾಲಿ ಇಲ್ಲಲ್ಲ ಪಾಪ." ಆಮೇಲೆ ಸೂಜಿ ಮತ್ತೆ ಎತ್ತಿಕೊಂಡು, ನನ್ನ ಮುಖ ನೋಡದೆ, "ಮೂರನೇ ತಾರೀಕು ಎಷ್ಟಕ್ಕ ಬಸ್ಸು?"

ಮೇ 3, ಶನಿವಾರ

ಬರೆಯಲೇಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಬಸ್ಸಿನಲ್ಲಿ ಆರು ಜೀವ: ನಾನು, ಗೀತು, ಯಾಡಿ, ಯಾಡಿಯ ಜೊತೆ ಬೀಚಿನಲ್ಲಿ ಮಾರುವ ಸೋನಿಬಾಯಿ, ಥಾವರಿಬಾಯಿ, ಮತ್ತೆ ಯಾಡಿಯ ಗಂಟು. ಅದು ಜೀವವೇ, ಅದಕ್ಕೂ ಸೀಟು ಹಿಡಿದಿದ್ದಳು. ಯಾಕೆ ತಂದೆ ಅಂದರೆ, "ಗಂಟಿಲ್ಲದ ಬಸ್ ಹತ್ತಿದ್ರ ತಲಿ ಹಗೂರಾಗಿ ತಿರಗತೈತಿ" ಅಂದಳು. ಮೂವರೂ ಕನ್ನಡಿ ಹಚ್ಚಿದ ಲಂಗ, ಕವಡೆ, ಕೆನ್ನೆಯ ಎರಡೂ ಕಡೆ ಜೋತುಬಿದ್ದ ಬೆಳ್ಳಿ. ಕಂಡಕ್ಟರ್ ಕೊಂಕಣಿಯಲ್ಲಿ "ಖಂಯ್ ಶೋ?" ಎಂದು ಕೇಳಿದ, ಎಲ್ಲಿ ಶೋ ಅಂತ. ಸೋನಿಬಾಯಿ, "ನಮ್ದ ಶೋ ಅಲ್ಲೋ ತಮ್ಮಾ, ಪರೀಕ್ಷಾ ಐತಿ" ಅಂದಳು.

ಪಣಜಿಯ ಆ ಸಭಾಂಗಣದ ಹೊರಗೆ ಕೂತ ಹುಡುಗಿಯರೆಲ್ಲ ನೀಟಾಗಿ ಜಡೆ ಹಾಕಿಕೊಂಡು, ಒಬ್ಬೊಬ್ಬರೇ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತಿದ್ದರು. ನಾನು ಒಂದು ಸಂಸಾರ ಕಟ್ಟಿಕೊಂಡು ಹೋಗಿದ್ದೆ. ಗೀತು ಬೇರೆ ಎದೆ ಹುಡುಕುತ್ತಿದ್ದಳು.

ಹೆಸರು ಕರೆದರು. ಒಳಗೆ ಮೂವರು. ನಡುವೆ ಕೂತವರು ನಾಂತ್‌ನಿಂದ ಬಂದ ಮಾದಾಂ ಸೊಲಾಂಜ್, ಬಿಳಿ ಕೂದಲು, ಗಂಡಸಿನಂಥ ಬೂಟು. ನಾನು ನಮಸ್ಕಾರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದಿನಿಂದ ಯಾಡಿಯ ದನಿ ಬಂತು.

"ಬೋಂಝೂರ್ ಮಾದಾಂ! ರೆಗಾರ್ದೆ, ರೆಗಾರ್ದೆ! ಪಾ ಶೆರ್!"

ನಮಸ್ಕಾರ ಅಮ್ಮಾ, ನೋಡಿ ನೋಡಿ, ತುಟ್ಟಿಯಲ್ಲ. ಇಪ್ಪತ್ತೆರಡು ವರ್ಷ ಬೀಚಿನಲ್ಲಿ ಮಾರಿದವಳು. ಬಿಳಿ ಮುಖ ಕಂಡ ತಕ್ಷಣ ಬಾಯಿ ಅದಾಗಿಯೇ ತೆರೆಯುತ್ತದೆ, ಕೈ ಅದಾಗಿಯೇ ಗಂಟು ಬಿಚ್ಚುತ್ತದೆ. ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರೀಕ್ಷಕರ ಮೇಜಿನ ಮೇಲೆ, ನನ್ನ ಅಂಕಪಟ್ಟಿಗಳ ಮೇಲೆ, ಮೂರು ಕನ್ನಡಿ ಚೀಲ ಹಾಸಿ ಆಗಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. "ಕ್ಷಮಿಸಿ, ಇವರು ನನ್ನ ಅತ್ತೆ" ಎಂದು ಫ್ರೆಂಚಿನಲ್ಲಿ ಹೇಳಿದೆ. ಮಾದಾಂ ಒಂದು ಚೀಲ ಎತ್ತಿ ಅದರ ಒಳಹೊಲಿಗೆಯನ್ನು ತಿರುಗಿಸಿ ನೋಡುತ್ತ, "ಕ್ಷಮೆ ಯಾಕೆ? ನೀವು ಒಳಗೆ ಬಂದ ಮೇಲೆ ಈ ಕೋಣೆಯಲ್ಲಿ ಮೊದಲು ಫ್ರೆಂಚ್ ಮಾತಾಡಿದವರು ಅವರೇ" ಎಂದರು.

ನಾನು ತಯಾರಿ ಮಾಡಿಕೊಂಡಿದ್ದ ಭಾಷಣ ಅಲ್ಲೇ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. ಈ ಕುಣಿತ ಒಬ್ಬಳಿಂದ ಆಗುವುದಿಲ್ಲ, ಅದಕ್ಕೇ ಇವರನ್ನೆಲ್ಲ ತಂದಿದ್ದೇನೆ, ಇನ್ನೂ ಸುತ್ತು ಸಾಲದು, ದಯವಿಟ್ಟು ನೀವೂ ಏಳಿ. ಎಸ್ಪೆರಾನ್ಸಾ ಟೀಚರ್ ಮೂಲೆಯಲ್ಲಿ ಬಾಯಿಗೆ ಕೈ ಇಟ್ಟುಕೊಂಡರು. ಮಾದಾಂ ಎದ್ದರು. ಅವರು ಎದ್ದ ಮೇಲೆ ಉಳಿದಿಬ್ಬರೂ ಏಳಲೇಬೇಕಾಯಿತು.

ಥಾವರಿಬಾಯಿ ಹಾಡು ಎತ್ತಿದಳು. ಬಾಗುವುದು, ಚಪ್ಪಾಳೆ, ಸರಿಯುವುದು. ನಾನು ಎರಡು ಸಲ ತಪ್ಪಿದೆ, ಎರಡೂ ಸಲ ಯಾಡಿ ಮೊಣಕೈಯಿಂದ ತಿವಿದು ಸರಿಮಾಡಿದಳು. ಕಂಕುಳಲ್ಲಿ ಗೀತು ಚಪ್ಪಾಳೆ ಹಾಕುತ್ತಿದ್ದಳು, ತಾಳ ತಪ್ಪದೆ. ನನಗಿಂತ ವಾಸಿ. ಹಾಡು ಮುಗಿದ ಮೇಲೆ ಯಾಡಿ ಮಾದಾಂ ಮುಂದೆ ನಿಂತು ತನ್ನ ಕಿರುಬೆರಳು ಚಾಚಿದಳು. ಈಗ ನಿಮ್ಮದು ತೋರಿಸು, ಅಂತ. ಆ ಮುದುಕಿ ಪಕಪಕ ನಕ್ಕು ಬೆರಳು ಕೊಂಡಿ ಹಾಕಿದರು.

ಕೊನೆಗೆ ಕೂತ ಮೇಲೆ ಕೇಳಿದರು, "ನಿಮ್ಮ ಜನರ ಸಾಹಿತ್ಯ ಯಾವುದು?"

ಬರೆದದ್ದು ಇಲ್ಲ ಎಂದೆ. ಆದರೆ ನಮ್ಮಲ್ಲಿ ಪ್ರತಿ ಮದುಮಗಳೂ ತವರು ಬಿಡುವಾಗ ಒಬ್ಬೊಬ್ಬರನ್ನೇ ತಬ್ಬಿ ಅಳುತ್ತ ಹಾಡಬೇಕು. ಅದಕ್ಕೆ ಢಾವಲೊ ಅನ್ನುತ್ತಾರೆ. ಮಾತುಗಳನ್ನು ಅವಳೇ ಕಟ್ಟಬೇಕು.

"ನೀವು ಏನು ಕಟ್ಟಿದಿರಿ?"

ಸುಳ್ಳು ಹೇಳಬಹುದಿತ್ತು. "ನಾನು ಹಾಡಲಿಲ್ಲ. ಬಿ.ಎ. ಮುಗಿಸಿದ್ದೆ. ನಾಚಿಕೆಯಾಯಿತು," ಎಂದೆ.

ಅವರು ಏನೂ ಬರೆದುಕೊಳ್ಳಲಿಲ್ಲ. ಕನ್ನಡಕ ತೆಗೆದು ಇಟ್ಟರು, ಅಷ್ಟೇ.

ಮೇ 4, ರವಿವಾರ

ಆಗುವುದಿಲ್ಲ. ಖಂಡಿತ ಆಗುವುದಿಲ್ಲ. ಅಂಕಪಟ್ಟಿಯ ಮೇಲೆ ಚೀಲ ಹಾಸಿದವರನ್ನು ಯಾರು ಕರೆಯುತ್ತಾರೆ.

ಮೇ 16, ಶುಕ್ರವಾರ

ಆಯಿತು. ಆಯಿತು. ಆಯಿತು.

ಪಟ್ಟಿಯಲ್ಲಿ ನಾಲ್ಕನೆಯ ಹೆಸರು. ಬಾಜೂ ಮನೆಯ ನೂರಜಹಾನ ಚಿಕ್ಕಮ್ಮನಿಗೆ ಹೇಳಿದೆ, ಅವರು ಗೀತುವಿನ ಬಾಯಿಗೆ ಸಕ್ಕರೆ ಹಾಕಿದರು. ವೀಸಾದ ಕಾಗದಗಳನ್ನು ಟೀಚರ್ ನೋಡಿಕೊಳ್ಳುತ್ತಾರೆ.

ಅನಿಲನಿಗೆ ಫೋನ್ ಮಾಡಿದೆ. ಹಿಂದೆ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು. "ಛಲೋ ಆತು," ಎಂದರು. ಮತ್ತೆ, "ಷರತ್ತು ನೆನಪೈತೆಲ್ಲ?"

ಇದೆ. ನಾನೇನು ಮರೆಯುವವಳೇ.

ಮೇ 25, ರವಿವಾರ

ಮೊಲೆ ಬಿಡಿಸಲು ಸೋನಿಬಾಯಿ ಬೇವಿನ ಎಲೆ ಅರೆದು ಕೊಟ್ಟಳು. ಹಚ್ಚಿಕೊಂಡೆ. ಗೀತು ಬಾಯಿ ಹಾಕಿದಳು, ಮುಖ ಹಿಂಡಿದಳು, ನನ್ನನ್ನೇ ದಿಟ್ಟಿಸಿದಳು, ಆಮೇಲೆ ಸೆರಗಿನಿಂದ ಒರೆಸಿ ಮತ್ತೆ ಬಾಯಿ ಹಾಕಿದಳು. ಹದಿನಾರು ತಿಂಗಳು! ಯಾಡಿ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಳು. "ಇದು ಮಾರಾಕ ಕೂತ್ರ ಬೀಚ್ ಪೂರಾ ಮಾರತೈತಿ."

ಬೀಚಿನ ಕೆಲಸ ಈ ವಾರಕ್ಕೆ ಮುಗಿಯಿತು. ಪ್ರತಿ ವರ್ಷ ಈ ಹೊತ್ತಿಗೆ ಯಾಡಿ ಊರಿಗೆ, ತಾಂಡೆಗೆ ಹೋಗುತ್ತಾಳೆ. ಈ ಸಲ ಹೋಗಲಿಲ್ಲ.

ಜೂನ್ 6, ಶುಕ್ರವಾರ

ನಿನ್ನೆ ಪರೀಕ್ಷೆ ಮಾಡಿದೆವು. ಗೀತುವನ್ನು ಯಾಡಿಯ ಬಳಿ ಬಿಟ್ಟು ನಾನು ನೂರಜಹಾನ ಚಿಕ್ಕಮ್ಮನ ಮನೆಯಲ್ಲಿ ಮಲಗಿದೆ. ನಡುವೆ ಒಂದೇ ಗೋಡೆ. ವಿಮಾನ ಬಂತು. ತಗಡು, ಡಬ್ಬಿ, ಅಷ್ಟರಲ್ಲೇ ಗೀತುವಿನ ಅಳು ಕೇಳಿಸಿತು. ಕಿವಿಯಲ್ಲೇ ಕೂಗಿದ ಹಾಗೆ. ಬರಿಗಾಲಲ್ಲಿ ಓಡಿ ಹೋಗಿ ಬಾಗಿಲು ಬಡಿದೆ. ಗೀತು ಅಳುತ್ತಿದ್ದಳು, ಬಾಚಿಕೊಂಡೆ.

ಬೆಳಿಗ್ಗೆ ಚಹಾ ಸೋಸುವಾಗ ಯಾಡಿ ಜಗಳಕ್ಕೇ ನಿಂತಳು.

"ಯಾರು ಅತ್ತಾರ? ಕೂಸು ಕಾಲ್ ಮ್ಯಾಲ ಕಾಲ್ ಹಾಕ್ಕೊಂಡು ಮಲಗಿತ್ತು. ನೀ ಬಂದು ಪೊಲೀಸರಂಗ ಬಾಗಿಲಾ ಬಡದಿ, ಹೆದರಿ ಎದ್ದೈತಿ."

"ನಾ ಕೇಳೇನಿ, ಯಾಡಿ. ಖರೇ ಕೇಳೇನಿ."

"ಅದು ಬ್ಯಾರೆ ಅಳು," ಅಂದಳು. "ಗ್ವಾಡಿ ಈಕಡಿದಲ್ಲ, ನೀ ಮಲಗಿದ್ದ ಆಕಡಿದು."

ಅವಳಿಗೆ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಪರೀಕ್ಷೆಯಲ್ಲಿ ಗೀತು ಸೋತಳು ಅಂತಲೇ ಬರೆದಿಡುತ್ತೇನೆ.

ಜೂನ್ 15, ರವಿವಾರ

ಮೂರು ದಿನದಿಂದ ಗೀತು ಎದೆ ಕೇಳಿಲ್ಲ. ಹೊಟ್ಟೆ ಕೆಟ್ಟಿರಬೇಕು. ಅಜವಾನದ ನೀರು ಕುಡಿಸಿದೆ. ರೊಟ್ಟಿ ಹಾಲಿನಲ್ಲಿ ಕಿವುಚಿ ಕೊಟ್ಟರೆ ಮಾತ್ರ ಬಟ್ಟಲು ಖಾಲಿ ಮಾಡುತ್ತಾಳೆ, ಯಾಡಿಯ ಕೈಯಿಂದ. ನೂರಜಹಾನ ಚಿಕ್ಕಮ್ಮ "ಮಗು ಗುಂಡು ಗುಂಡಾಗಿದೆ, ಏನು ಕಾಯಿಲೆ?" ಎಂದರು. ಕಾಯಿಲೆ ಹೊರಗೆ ಕಾಣುತ್ತದೆಯೇ?

ವಿಮಾನ ನಾಲ್ಕು ಹತ್ತಕ್ಕೇ ಬಂತು. ಕ್ರಿಯಾಪದ ಓದುತ್ತ ಕೂತೆ. ಗೀತು ಯಾಡಿಯ ಹೊಟ್ಟೆಯ ಮೇಲೆ ಒಂದು ಕೈ ಇಟ್ಟು ಮಲಗಿದ್ದಳು. ಮಳೆಗೆ ತಗಡಿನ ಸದ್ದು ಎಷ್ಟು, ನನಗೆ ಪುಟದ ಮೇಲೆ ಕಣ್ಣೇ ನಿಲ್ಲಲಿಲ್ಲ.

ಜೂನ್ 24, ಮಂಗಳವಾರ

ವೀಸಾ ಬಂತು.

ನಾಂತ್‌ನಲ್ಲಿ ಮೊದಲ ದಿನ ಎಲ್ಲರೂ ತಮ್ಮ ಊರಿನ ಒಂದು ಕಥೆ ಹೇಳಬೇಕಂತೆ. ಮೊನ್ನೆ ರವಿವಾರದ ತರಗತಿಯಲ್ಲಿ ಬೇರೆ ಹುಡುಗಿಯರು ಏನು ಹೇಳುವುದು ಎಂದು ಗಾಬರಿಯಾಗಿದ್ದರು. ನಾನು ಮೂವರಿಗೆ ಹೇಳಿಕೊಟ್ಟೆ. ವಾಸ್ಕೋದ ಹುಡುಗಿಯೊಬ್ಬಳು "ನಿಮಗೆ ಹೆದರಿಕೆಯೇ ಇಲ್ಲವಾ ಅಕ್ಕಾ?" ಎಂದಳು. ಯಾರಿಗೆ ಹೇಳುತ್ತಿದ್ದಾಳೆ ಅಂತ ಹಿಂದೆ ತಿರುಗಿ ನೋಡಿದೆ.

ಜುಲೈ 4, ಶುಕ್ರವಾರ

ನಾಲ್ಕು ಹತ್ತಕ್ಕೆ ಎದ್ದೆ. ವಿಮಾನ ಬರಲಿಲ್ಲ, ಮಳೆಗೆ ತಡವಾಗಿರಬೇಕು. ಸುಮ್ಮನೆ ಎದ್ದು ಕೂತೆ.

ಈಗ ಮಧ್ಯಾಹ್ನ ಮೂರು. ನಾಲ್ಕರ ಬಸ್ಸಿಗೆ ನಾನು ಪಣಜಿಗೆ ಹೊರಡುತ್ತೇನೆ. ಹನ್ನೆರಡು ಜನರೂ ಇವತ್ತು ಹಾಸ್ಟೆಲಿನಲ್ಲೇ ಮಲಗಬೇಕು, ನಾಳೆ ಬೆಳಿಗ್ಗೆ ಆರಕ್ಕೆ ಅಲ್ಲಿಂದ ಮೋಪಾ ವಿಮಾನ ನಿಲ್ದಾಣಕ್ಕೆ ಬಸ್ಸು. ಇಷ್ಟು ವರ್ಷ ವಿಮಾನದ ಹೊಟ್ಟೆ ನೋಡಿದ್ದು ದಾಬೋಳಿಯಲ್ಲಿ, ಹತ್ತುವುದು ಮಾತ್ರ ಮೋಪಾದಲ್ಲಿ.

ಅನಿಲ, ಇಲ್ಲಿಂದ ನಿಮಗೆ ಬರೆಯುತ್ತಿದ್ದೇನೆ. ಎಂಟಕ್ಕೆ ಫೋಂಡಾದಿಂದ ಬರುತ್ತೀರಿ, ಗಾಡಿ ನಿಲ್ಲಿಸಿ ಮೊದಲು ಈ ನೋಟ್‌ಬುಕ್ ಓದಿ. ಯಾರಿಗೂ ತೋರಿಸಲು ಬರೆದದ್ದಲ್ಲ. ಆದರೆ ಗೀತು ಎಷ್ಟಕ್ಕೆ ಏಳುತ್ತಾಳೆ, ಏನು ತಿನ್ನುತ್ತಾಳೆ ಎಲ್ಲ ಇದರಲ್ಲೇ ಇದೆ, ಬೇರೆ ಬರೆಯಲು ಹೊತ್ತಿಲ್ಲ. ನಡುವೆ ನಿಮ್ಮ ಬಗ್ಗೆ ಬರೆದದ್ದನ್ನೂ ಓದಿ, ಪರವಾಗಿಲ್ಲ.

ಈಗಷ್ಟೇ ಒಂದು ಸಂಗತಿ ನಡೆಯಿತು. ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದೆ, ಯಾಡಿ ಬಂದು ತಬ್ಬಿಕೊಂಡಳು. "ಲಗ್ನದಾಗ ನಿಮ್ಮವ್ವ ಒಬ್ಬಾಕಿನ ಅತ್ಲು. ನೀ ಕಲ್ಲಾಗಿ ನಿಂತಿದ್ದಿ. ಇವತ್ತು ಹಾಡಲಾರ್ದ ಹೊಸ್ತಿಲಾ ದಾಟಾಕ ಬಿಡೂದಿಲ್ಲ," ಅಂದಳು. ತವರು ಬಿಡುವಾಗ ಹಾಡುವುದನ್ನು ಅತ್ತೆಯ ಮನೆ ಬಿಡುವಾಗ ಯಾರಾದರೂ ಹಾಡುತ್ತಾರೆಯೇ? ಆದರೂ ಅವಳು ಎತ್ತಿದಳು, ನನ್ನ ಗಂಟಲು ಹೇಗೆ ಬಿಚ್ಚಿಕೊಂಡಿತೋ ಗೊತ್ತಿಲ್ಲ. ನಾನು ಕಟ್ಟಿ ಹಾಡಿದ್ದು ಇಷ್ಟು: ಸೂಜಿಯನ್ನು ನಿನ್ನ ಬಟ್ಟೆಯಲ್ಲೇ ಬಿಟ್ಟೆ ಯಾಡೀ, ದಾರದ ತುದಿ ಹಿಡಿದು ಹೊರಟೆ. ಎಷ್ಟು ದೂರ ಹೋದರೂ ಎಳೆದರೆ ನಿನ್ನ ಕೈಗೇ ಬರುತ್ತೇನೆ. ಇಂಥದ್ದೇ ಏನೋ. ನೂರಜಹಾನ ಚಿಕ್ಕಮ್ಮ ಗೋಡೆಯ ಆಚೆಯಿಂದ ಮೂಗು ಒರೆಸಿಕೊಳ್ಳುವುದು ಕೇಳಿಸಿತು. ಗೀತು ನಮ್ಮಿಬ್ಬರ ನಡುವೆ ನಿಂತು ಚಪ್ಪಾಳೆ ಹಾಕಿದಳು. ಕುಣಿತ ಅಂದುಕೊಂಡಿದ್ದಾಳೆ. ಅದಕ್ಕೇ ಹೊಸ್ತಿಲಿಂದ ಮತ್ತೆ ಒಳಗೆ ಬಂದು, ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯನ್ನು ನಾನು ಒಯ್ಯುತ್ತಿಲ್ಲ. ಬಾಗಿಲ ಹಿಂದೆ ಇದೆ, ಹಗ್ಗ ಕಟ್ಟಿದ್ದೇನೆ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೇನೆ. ಪಾಸ್‌ಪೋರ್ಟು, ಕೈಚೀಲ ಮಾತ್ರ ನನ್ನ ಹತ್ತಿರ. ಷರತ್ತು ನಿಮ್ಮದೇ. ಆ ಒಂದು ರಾತ್ರಿ ಇವತ್ತೇ. ಗೀತು ನಾನಿಲ್ಲದೆ ಅಳದೆ ಮಲಗಿದರೆ ನೀವೇ ಹೊತ್ತುಕೊಂಡು ಬರುತ್ತೇನೆ ಎಂದಿದ್ದಿರಿ. ಐದಕ್ಕೆ ಬೈಕು ಬಿಟ್ಟರೆ ಆರರೊಳಗೆ ಪಣಜಿ. ಜುವಾರಿ ಸೇತುವೆಯ ಮೇಲೆ ಗಾಳಿ ಜೋರು, ನಿಧಾನ ಬನ್ನಿ. ಅವಳು ಅತ್ತರೆ, ಸಮಾಧಾನವೇ ಆಗದಿದ್ದರೆ, ಪೆಟ್ಟಿಗೆ ಅಲ್ಲೇ ಇರಲಿ. ನಾನು ಮೊದಲ ಬಸ್ಸಿಗೆ ತಿರುಗಿ ಬರುತ್ತೇನೆ, ನಿಮ್ಮ ಮೇಲೆ ಒಂದು ಮಾತು ಆಡುವುದಿಲ್ಲ.

ನಾನಾಗಿ ಫೋನ್ ಮಾಡುವ ಹಾಗಿಲ್ಲ. ಯಾಡಿ ಗೀತುವಿನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿದ್ದಾಳೆ: "ನೀ ಫೋನ್ ಮಾಡಿ ಎಬ್ಬಸ್ತಿ, ಮತ್ತ ಕೂಸಿನ ಮ್ಯಾಲ ಹಾಕ್ತಿ." ಆದ್ದರಿಂದ ನೀವೇ ಮಾಡಬೇಕು. ನಾಲ್ಕು ಹತ್ತರ ವಿಮಾನ ಹೋಗಲಿ, ತಗಡು, ಡಬ್ಬಿ ಎಲ್ಲ ಸುಮ್ಮನಾಗಲಿ. ಆಮೇಲೆ ಅವಳ ಹತ್ತಿರ ಹೋಗಿ ನೋಡಿ. ಅತ್ತಳೋ, ಮಲಗಿದ್ದಾಳೋ, ಏನಿದ್ದರೂ ಹಾಗೇ ಹೇಳಿ. ಮಲಗಿದ್ದರೆ ಎಬ್ಬಿಸಬೇಡಿ, ಮಾತೂ ಆಡಬೇಡಿ, ಫೋನನ್ನು ಅವಳ ಮೂಗಿನ ಹತ್ತಿರ ಹಿಡಿಯಿರಿ, ನನಗೆ ಆ ಉಸಿರು ಕೇಳಿದರೆ ಸಾಕು. ನಾನು ಎಚ್ಚರವೇ ಇರುತ್ತೇನೆ, ನಿಮಗೆ ಗೊತ್ತಲ್ಲ. ಮರೀಬ್ಯಾಡ್ರಿ. ನಿದ್ದಿ ಹತ್ತಿತು ಅನಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ, ಬೆಳಗಾಗೂದ್ರಾಗ ಒಂದ ಫೋನ್ ಮಾಡ್ರಿ.